ನೀರು ತುಂಬಿಸಿ ಕರುಳಿನ ಪಾಲಿಪ್ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

"ಪಾಲಿಪ್ ಇದೆ, ನೀರಿನೊಳಗೇ ತೆಗೆದುಬಿಡೋಣ" ಎಂದು ಡಾಕ್ಟರ್ ಹೇಳಿದ ಮೇಲೆ ಜನ ಕೇಳುವ ಪ್ರಶ್ನೆಗಳು ಇವು. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಗಂಟಿನಂಥ ಬೆಳವಣಿಗೆ. ಕೆಲವಕ್ಕೆ ಎರಡೇ ಸಾಲಿನ ಉತ್ತರ ಸಾಕು. ಇನ್ನು ಕೆಲವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ನೀರಿನೊಳಗೆ ಅಂದ್ರೆ ಏನು? ನನ್ನನ್ನು ನೀರಲ್ಲಿ ಮಲಗಿಸ್ತಾರಾ?

ಇಲ್ಲ ಇಲ್ಲ. ನೀವು ಹಾಸಿಗೆ ಮೇಲೇ ಇರುತ್ತೀರಿ. ನೀರು ಹೋಗುವುದು ಕರುಳಿನೊಳಕ್ಕೆ, ಅದೂ ಪಾಲಿಪ್ ಇರುವ ಭಾಗಕ್ಕೆ. ಒಳಗೆ ನೋಡಲು ಹಾಕುವ ಕ್ಯಾಮೆರಾ ಕೊಳವೆಯಲ್ಲೇ, ಅಂದರೆ ಎಂಡೋಸ್ಕೋಪ್‌ನಲ್ಲೇ, ನೀರು ಬಿಡುವ ದಾರಿ ಇರುತ್ತದೆ. ಪಾಲಿಪ್ ಮುಳುಗುವಷ್ಟು ನೀರು ತುಂಬಿಸಿ, ತಂತಿಯ ಕುಣಿಕೆ ಹಾಕಿ, ಕರೆಂಟ್ ಕೊಟ್ಟು ಕತ್ತರಿಸುತ್ತಾರೆ. ಇದರ ಹೆಸರು ಅಂಡರ್‌ವಾಟರ್ ಇಎಂಆರ್. ಇಎಂಆರ್ ಅಂದರೆ ಕರುಳಿನ ಒಳಪದರದ ತುಂಡನ್ನು ಎಂಡೋಸ್ಕೋಪ್‌ನಿಂದಲೇ ಕತ್ತರಿಸಿ ತೆಗೆಯುವುದು. ಹೊಟ್ಟೆ ಕೊಯ್ಯುವುದಿಲ್ಲ, ಹೊರಗೆ ಹೊಲಿಗೆಯೂ ಇಲ್ಲ.

ಪಾಲಿಪ್ ಅಂದ್ರೆ ಕ್ಯಾನ್ಸರ್ ಅಲ್ವಾ?

ಬಹಳಷ್ಟು ಸಲ ಅಲ್ಲ. ಆದರೆ ಅಡಿನೋಮ ಎನ್ನುವ ಜಾತಿಯ ಪಾಲಿಪ್ ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರ್ ಆಗಬಹುದು. ಚಪ್ಪಟೆಯಾಗಿ, ಲೋಳೆ ಮೆತ್ತಿಕೊಂಡು ಕೂತಿರುವ ಸೆರೇಟೆಡ್ ಜಾತಿಯದ್ದೂ ಅಷ್ಟೇ. ಅದಕ್ಕೇ ಸಿಕ್ಕಾಗಲೇ ತೆಗೆಯುವುದು.

ತೆಗೆಯೋದಕ್ಕೆ ನೀರು ಯಾಕೆ ಬೇಕು?

ಇದೇ ಇಲ್ಲಿಯ ಮುಖ್ಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಕರುಳಿನ ಗೋಡೆ ಪದರ ಪದರವಾಗಿದೆ. ಒಳಗಡೆ ಲೋಳೆಪದರ. ಪಾಲಿಪ್ ಹುಟ್ಟುವುದು ಅಲ್ಲೇ. ಅದರ ಕೆಳಗೆ ಸಡಿಲವಾದ, ಮೆತ್ತನೆಯ ಪದರ. ರಕ್ತನಾಳಗಳು ಓಡಾಡುವುದು ಇಲ್ಲಿ. ಅದರಾಚೆ ಸ್ನಾಯುವಿನ ಪದರ. ಮೊದಲಿನ ಎರಡನ್ನು ಕತ್ತರಿಸಿದರೆ ತೊಂದರೆ ಇಲ್ಲ, ಅದು ವಾಸಿಯಾಗುತ್ತದೆ. ಸ್ನಾಯುವನ್ನೂ ಸೇರಿಸಿ ಕತ್ತರಿಸಿದರೆ ಕರುಳು ತೂತಾಗುತ್ತದೆ. ಕತ್ತರಿಸುವಾಗಿನ ದೊಡ್ಡ ಭಯ ಅದೇ.

ಸಾಮಾನ್ಯ ಕೊಲೊನೋಸ್ಕೋಪಿಯಲ್ಲಿ (ಎಂಡೋಸ್ಕೋಪ್‌ನಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಕರುಳಿಗೆ ಗಾಳಿ ಅಥವಾ ಇಂಗಾಲದ ಡೈಆಕ್ಸೈಡ್ ಊದಿ ಹಿಗ್ಗಿಸುತ್ತಾರೆ. ನೋಡುವುದಕ್ಕೆ ಅದು ಸರಿ. ಆದರೆ ಊದಿದ ಬಲೂನಿನ ಮೈ ಹೇಗಿರುತ್ತದೆ? ಬಿಗಿ, ತೆಳು. ಅದರ ಮೇಲೆ ಅಂಟಿಕೊಂಡ ಚಪ್ಪಟೆ ಪಾಲಿಪ್ ಇನ್ನಷ್ಟು ಚಪ್ಪಟೆಯಾಗುತ್ತದೆ. ಕುಣಿಕೆಗೆ ಸಿಗುವುದಿಲ್ಲ. ಬಲವಾಗಿ ಒತ್ತಿ ಹಿಡಿದರೆ ಕೆಳಗಿನ ಸ್ನಾಯುವೂ ಜೊತೆಗೆ ಬಂದುಬಿಡಬಹುದು.

ಈಗ ಆ ಗಾಳಿಯನ್ನೆಲ್ಲ ಹೀರಿ ತೆಗೆದು ನೀರು ಬಿಡಿ. ಕರುಳು ಬಿಗಿ ಬಿಡುತ್ತದೆ. ಸ್ನಾಯುವಿನ ಪದರ ತನ್ನ ಪಾಡಿಗೆ ದುಂಡಗೆ ಹೊರಗಡೆ ಉಳಿಯುತ್ತದೆ. ಲೋಳೆಪದರ ಮತ್ತು ಅದರ ಕೆಳಗಿನ ಮೆತ್ತನೆಯ ಪದರ ಮಡಿಕೆ ಮಡಿಕೆಯಾಗಿ ಒಳಕ್ಕೆ ತೇಲಿ ಬರುತ್ತವೆ. ಬಕೆಟ್ ನೀರಿಗೆ ಹಾಕಿದ ತೆಳು ಬಟ್ಟೆ ಹೇಗೆ ಅಲ್ಲಲ್ಲಿ ಎದ್ದು ನಿಲ್ಲುತ್ತದೋ ಹಾಗೆ. ಪಾಲಿಪ್ ಕೂಡ ಆ ಮಡಿಕೆಯ ಜೊತೆ ಎದ್ದು, ಸ್ನಾಯುವಿನಿಂದ ದೂರ ಸರಿಯುತ್ತದೆ. ಕುಣಿಕೆಗೆ ತಾನಾಗೇ ಸಿಗುತ್ತದೆ.

ಇಂಜೆಕ್ಷನ್ ಕೊಟ್ಟು ಉಬ್ಬಿಸಿ ತೆಗೀತಾರೆ ಅಂತ ಕೇಳಿದ್ದೆ. ಅದು ಬೇಡ್ವಾ?

ಅದು ಮೊದಲಿನಿಂದ ಬಂದ ವಿಧಾನ, ಇವತ್ತಿಗೂ ಚೆನ್ನಾಗಿಯೇ ನಡೆಯುತ್ತಿದೆ. ಪಾಲಿಪ್ ಕೆಳಗಿನ ಮೆತ್ತನೆಯ ಪದರಕ್ಕೆ ಸೂಜಿ ಚುಚ್ಚಿ, ನೀಲಿ ಬಣ್ಣ ಬೆರೆಸಿದ ಸಲೈನ್ ಹಾಕುತ್ತಾರೆ. ಪಾಲಿಪ್ ದಿಂಬಿನ ಮೇಲೆ ಕೂತಂತೆ ಮೇಲೇಳುತ್ತದೆ. ಆಮೇಲೆ ಕುಣಿಕೆ.

ಕಷ್ಟ ಎಲ್ಲಿ ಬರುತ್ತದೆ ಅಂದರೆ, ದಿಂಬು ಉಬ್ಬಿದಾಗ ಪಾಲಿಪ್ ಕೂಡ ಅಗಲವಾಗಿ ಹರಡಿಕೊಳ್ಳುತ್ತದೆ. ಮೇಲ್ಮೈ ಬಿಗಿಯಾಗಿ ಕುಣಿಕೆ ಜಾರುತ್ತದೆ. ಒಂದೇ ಹಿಡಿತಕ್ಕೆ ಸಿಗಬೇಕಿದ್ದದ್ದು ಎರಡು ಮೂರು ತುಂಡಾಗುತ್ತದೆ. ಇದಕ್ಕಿಂತ ಪಜೀತಿ ಅಂದರೆ ಹಿಂದೊಮ್ಮೆ ಅರ್ಧ ತೆಗೆದು ಕಲೆಗಟ್ಟಿರುವ ಜಾಗ. ಅಲ್ಲಿ ಪದರಗಳು ಅಂಟಿಕೊಂಡಿರುತ್ತವೆ. ಸಲೈನ್ ಹಾಕಿದರೆ ಸುತ್ತಲಿನ ಒಳ್ಳೆಯ ಭಾಗ ಗುಡ್ಡದಂತೆ ಏಳುತ್ತದೆ, ಪಾಲಿಪ್ ಮಾತ್ರ ನಡುವೆ ಹಳ್ಳದಲ್ಲಿ ಕೂತಿರುತ್ತದೆ. ಅದನ್ನು ಹಿಡಿಯುವುದು ಇನ್ನೂ ಕಷ್ಟ. ನೀರಿನ ವಿಧಾನದಲ್ಲಿ ಸೂಜಿಯೇ ಇಲ್ಲ, ಹಾಗಾಗಿ ಈ ತಾಪತ್ರಯವೂ ಇಲ್ಲ. ಇಂಥ ಹಳೇ ಕಲೆಯ ಜಾಗಕ್ಕೆ ನೀರೇ ಮೇಲು ಅನ್ನುವುದು ನನ್ನ ಅನಿಸಿಕೆ.

ಇದನ್ನು ಯಾರು ಶುರು ಮಾಡಿದ್ದು?

ಕೆನೆತ್ ಬಿನ್‌ಮೊಲ್ಲರ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ತಂಡ. 2012ರಲ್ಲಿ ಪ್ರಕಟಿಸಿದರು. ಸುಳಿವು ಸಿಕ್ಕಿದ್ದು ಬೇರೆ ಕಡೆ, ಎಂಡೋಸ್ಕೋಪ್‌ನ ತುದಿಯಲ್ಲಿ ಅಲ್ಟ್ರಾಸೌಂಡ್ ಇಟ್ಟು ಮಾಡುವ ಪರೀಕ್ಷೆಯಲ್ಲಿ. ಶಬ್ದದ ಅಲೆ ಗಾಳಿಯಲ್ಲಿ ಸರಿಯಾಗಿ ಸಾಗುವುದಿಲ್ಲ, ಹಾಗಾಗಿ ಅಲ್ಲಿ ನೀರು ತುಂಬಿಸುವುದು ಮೊದಲಿಂದಲೂ ಇತ್ತು. ಹಾಗೆ ತುಂಬಿಸಿದಾಗ ಸ್ನಾಯು ದುಂಡಗೇ ಉಳಿದು ಲೋಳೆಪದರ ಒಳಕ್ಕೆ ಮಡಚಿಕೊಳ್ಳುವುದು ತೆರೆಯ ಮೇಲೆ ಕಾಣುತ್ತಿತ್ತು. ಹಾಗಾದರೆ ಇಂಜೆಕ್ಷನ್ ಯಾಕೆ ಬೇಕು ಎಂದು ಅವರು ಯೋಚಿಸಿದರು. ಮೊದಲ ವರದಿಯಲ್ಲಿ 60 ಜನರ 62 ದೊಡ್ಡ ಪಾಲಿಪ್‌ಗಳನ್ನು ಹೀಗೆ ತೆಗೆದಿದ್ದರು. ಒಬ್ಬರಿಗೂ ಕರುಳು ತೂತಾಗಲಿಲ್ಲ.

ಒಳಗೆ ನಿಜವಾಗಿ ಏನು ಮಾಡ್ತಾರೆ? ಒಂದೊಂದಾಗಿ ಹೇಳಿ.

ಮೊದಲು ಗಾಳಿಯಲ್ಲೇ ಪಾಲಿಪ್ ಹುಡುಕಿ, ಬೇರೆ ಬೇರೆ ಬೆಳಕಿನಲ್ಲಿ ನೋಡುತ್ತಾರೆ. ಮೇಲ್ಮೈಯ ವಿನ್ಯಾಸ, ರಕ್ತನಾಳಗಳ ಗೆರೆ ಹೇಗಿವೆ ಎನ್ನುವುದರ ಮೇಲೆ ಇದು ಬರೀ ಅಡಿನೋಮವೋ, ಆಳಕ್ಕೆ ಇಳಿದ ಕ್ಯಾನ್ಸರೋ ಎಂದು ಅಂದಾಜು ಸಿಗುತ್ತದೆ. ಈ ಹಂತದಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕತ್ತರಿಸುವುದು ಕೆಲವು ನಿಮಿಷದ ಕೆಲಸ. ಕತ್ತರಿಸಬೇಕೋ ಬೇಡವೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ.

ಅಂಚು ಮಸುಕಾಗಿದ್ದರೆ ಕುಣಿಕೆಯ ತುದಿಯಿಂದ ಸುತ್ತಲೂ ಸಣ್ಣ ಸಣ್ಣ ಚುಕ್ಕೆ ಸುಟ್ಟು ಗುರುತು ಹಾಕುತ್ತಾರೆ. ಆಮೇಲೆ ಗಾಳಿಯ ಗುಂಡಿ ಆಫ್. ಗಾಳಿ ಪೂರ್ತಿ ಹೀರಿ, ನೀರು ಬಿಡುತ್ತಾರೆ. ಇಲ್ಲಿ ಒಂದು ತಮಾಷೆ ಇದೆ. ಮಾಮೂಲಿ ವಿಧಾನದಲ್ಲಿ ಪಾಲಿಪ್ ಮೇಲ್ಭಾಗದಲ್ಲಿ ಬರುವಂತೆ ನಿಮ್ಮನ್ನು ಮಗ್ಗುಲು ಬದಲಿಸುತ್ತಾರೆ, ರಕ್ತ ಮತ್ತು ದ್ರವ ಕೆಳಗೆ ಹರಿದುಹೋಗಲಿ ಎಂದು. ನೀರಿನ ವಿಧಾನದಲ್ಲಿ ಇದು ಉಲ್ಟಾ. ನೀರು ತಗ್ಗಿನಲ್ಲಿ ನಿಲ್ಲುವುದರಿಂದ ಪಾಲಿಪ್ ತಗ್ಗಿಗೆ ಬಂದರೆ ಅನುಕೂಲ.

ನೀರು ತುಂಬಿದ ಮೇಲೆ ತೆರೆ ನೋಡಿದರೆ ಖುಷಿಯಾಗುತ್ತದೆ. ಬೆಳಕಿನ ಪ್ರತಿಫಲನದ ಬಿಳಿ ಚುಕ್ಕೆಗಳೆಲ್ಲ ಮಾಯ. ಎಲ್ಲವೂ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಗಾಳಿಯಲ್ಲಿ ಮೆತ್ತಿಕೊಂಡಿದ್ದ ಪಾಲಿಪ್ ಈಗ ಮೆಲ್ಲಗೆ ಅಲ್ಲಾಡುತ್ತಿರುತ್ತದೆ.

ಕುಣಿಕೆಯನ್ನು ಸ್ವಲ್ಪ ಒಳ್ಳೆಯ ಭಾಗವೂ ಸೇರುವಂತೆ ಅಗಲವಾಗಿ ಹಾಕುತ್ತಾರೆ. ಕೊಳವೆಯನ್ನು ಕೊಂಚ ತಿರುಚುತ್ತ ಮೆಲ್ಲಗೆ ಬಿಗಿ ಮಾಡುತ್ತಾರೆ. ಬಿಗಿದ ಮೇಲೆ ಹಿಡಿದದ್ದನ್ನು ಅತ್ತಿತ್ತ ಆಡಿಸಿ ನೋಡುತ್ತಾರೆ. ಹಿಡಿದದ್ದು ಮಾತ್ರ ಆಡಿದರೆ ಸರಿ. ಇಡೀ ಗೋಡೆಯೇ ಜೊತೆಗೆ ಆಡಿದರೆ ಸ್ನಾಯು ಸಿಕ್ಕಿರಬಹುದು, ಸಡಿಲ ಬಿಟ್ಟು ಮತ್ತೆ ಹಿಡಿಯಬೇಕು. ಆಮೇಲೆ ಕರೆಂಟ್. ನೀರಿನಲ್ಲಿ ಒಂದಷ್ಟು ಗುಳ್ಳೆ ಏಳುತ್ತದೆ, ತುಂಡು ಬೇರೆಯಾಗಿ ತೇಲುತ್ತದೆ.

ಕತ್ತರಿಸಿದ ಜಾಗದಿಂದ ರಕ್ತ ಒಸರುತ್ತಿದ್ದರೆ ಊದುಬತ್ತಿಯ ಹೊಗೆಯಂತೆ ಕೆಂಪು ಎಳೆಯೊಂದು ನೀರಿನಲ್ಲಿ ಮೇಲೇಳುತ್ತದೆ. ಎಳೆ ಎಲ್ಲಿಂದ ಹೊರಟಿದೆ ಎಂದು ನೋಡಿದರೆ ಯಾವ ನಾಳ ಎಂದು ತಿಳಿದುಹೋಗುತ್ತದೆ. ರಕ್ತ ಜಾಸ್ತಿ ಬಂದರೆ ಮಾತ್ರ ನೀರೆಲ್ಲ ಕೆಂಪಾಗಿ ಏನೂ ಕಾಣುವುದಿಲ್ಲ. ಆಗ ನೀರು ಬದಲಿಸುತ್ತಾರೆ, ಇಲ್ಲವೇ ಗಾಳಿಗೆ ಮರಳುತ್ತಾರೆ.

ನೀರಲ್ಲಿ ಕರೆಂಟಾ? ಶಾಕ್ ಹೊಡೆಯಲ್ವಾ?

ಹೊಡೆಯುವುದಿಲ್ಲ. ಇದು ಮನೆಯ ಕರೆಂಟ್ ಅಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟ್. ಅಷ್ಟು ವೇಗಕ್ಕೆ ನರ, ಸ್ನಾಯು, ಹೃದಯ ಸ್ಪಂದಿಸುವುದಿಲ್ಲ. ಬರೀ ಶಾಖ ಹುಟ್ಟುತ್ತದೆ. ಆ ಶಾಖವೂ ತಂತಿ ತಗುಲಿದ ಸಣ್ಣ ಜಾಗದಲ್ಲಿ ಮಾತ್ರ. ಅಲ್ಲಿಂದ ಕರೆಂಟ್ ದೇಹದಲ್ಲಿ ಹರಡಿ, ನಿಮ್ಮ ತೊಡೆಗೋ ಬೆನ್ನಿಗೋ ಅಂಟಿಸಿದ ಅಗಲವಾದ ಪ್ಯಾಡ್‌ನಿಂದ ಹೊರಗೆ ಹೋಗುತ್ತದೆ. ಸುತ್ತಲಿನ ನೀರು ಜಾಗವನ್ನು ತಣ್ಣಗೂ ಇಡುತ್ತದೆ.

ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ಹೇಳಲೇಬೇಕು. ಇದು ನೀರಿಗೆ ಸಂಬಂಧಿಸಿದ್ದಲ್ಲ, ಕರೆಂಟ್ ಬಳಸುವ ಯಾವ ಚಿಕಿತ್ಸೆಗೂ ಅನ್ವಯಿಸುತ್ತದೆ.

ಎಷ್ಟು ನೀರು ಹಾಕ್ತಾರೆ? ಹೊಟ್ಟೆ ಉಬ್ಬರಿಸುತ್ತಾ?

ಜಾಗ ನೋಡಿಕೊಂಡು ಕೆಲವು ನೂರು ಮಿಲಿಲೀಟರ್, ಒಮ್ಮೊಮ್ಮೆ ಒಂದು ಲೀಟರಿನ ಆಸುಪಾಸು. ಮುಗಿದ ಮೇಲೆ ಬಹುಪಾಲು ಹೀರಿ ತೆಗೆಯುತ್ತಾರೆ. ಗಾಳಿ ಊದಿದಾಗ ಬರುವ ಬಿಗಿತಕ್ಕಿಂತ ಇದು ಹಗುರ.

ಯಾವ ಪಾಲಿಪ್‌ಗೆ ಇದು ಒಳ್ಳೇದು?

10 ಮಿಲಿಮೀಟರಿಗಿಂತ ಚಿಕ್ಕದಕ್ಕೆ ಸಾಮಾನ್ಯವಾಗಿ ಇದರ ಅಗತ್ಯವೇ ಇಲ್ಲ. ಕರೆಂಟ್ ಇಲ್ಲದ ಬರೀ ಕುಣಿಕೆಯಿಂದ ತೆಗೆದರೆ ಸಾಕು.

10ರಿಂದ 20 ಮಿಲಿಮೀಟರ್ ಇರುವ ಚಪ್ಪಟೆ ಪಾಲಿಪ್‌ಗಳಲ್ಲಿ ನೀರಿನ ವಿಧಾನ ತನ್ನ ಕೈಚಳಕ ತೋರಿಸುತ್ತದೆ. ಜಪಾನಿನ ಐದು ಆಸ್ಪತ್ರೆಗಳಲ್ಲಿ ಇದನ್ನೂ ಇಂಜೆಕ್ಷನ್ ವಿಧಾನವನ್ನೂ ಚೀಟಿ ಎತ್ತಿದಂತೆ ಹಂಚಿ ಹೋಲಿಸಿದರು. ಫಲಿತಾಂಶ 2019ರಲ್ಲಿ ಬಂತು. ಒಂದೇ ತುಂಡಾಗಿ ಬಂದದ್ದು ನೀರಿನಲ್ಲಿ 89%, ಇಂಜೆಕ್ಷನ್‌ನಲ್ಲಿ 75%. ಒಂದೇ ತುಂಡು, ಜೊತೆಗೆ ಅಂಚಿನಲ್ಲೂ ಪಾಲಿಪ್‌ನ ಕೋಶ ಇಲ್ಲ ಎಂದು ಸೂಕ್ಷ್ಮದರ್ಶಕದಲ್ಲಿ ಖಚಿತವಾದದ್ದು 69% ಮತ್ತು 50%. ಇದು ಸಣ್ಣ ವ್ಯತ್ಯಾಸವಲ್ಲ.

20 ದಾಟಿದ ಮೇಲೆ ಒಂದೇ ತುಂಡಾಗಿ ತೆಗೆಯುವುದು ಎರಡೂ ವಿಧಾನಕ್ಕೆ ಕಷ್ಟ. ತುಂಡು ತುಂಡಾಗಿ ತೆಗೆಯಬೇಕಾಗುತ್ತದೆ. ಅಲ್ಲಿಯೂ ನೀರು ಕೆಲಸಕ್ಕೆ ಬರುತ್ತದೆ, ಏಕೆಂದರೆ ತುಂಡುಗಳು ಕಡಿಮೆಯಾಗುತ್ತವೆ.

ಗಾತ್ರ ಒಂದೇ ಅಲ್ಲ, ಜಾಗವೂ ಮುಖ್ಯ. ಅಪೆಂಡಿಕ್ಸಿನ ಬಾಯಿಯ ಹತ್ತಿರ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕವಾಟದ ಮೇಲೆ, ಇಂಥ ಇಕ್ಕಟ್ಟಿನ ಕಡೆ ಸೂಜಿ ಚುಚ್ಚಿ ಉಬ್ಬಿಸಿದರೆ ಇರುವ ಜಾಗವೂ ಮುಚ್ಚಿಹೋಗುತ್ತದೆ. ನೀರಿನಲ್ಲಿ ಪಾಲಿಪ್ ತೇಲಿ ಈಚೆ ಬರುತ್ತದೆ. ಗುದನಾಳದಲ್ಲಿ ಸಿಗುವ ಚಿಕ್ಕ ನ್ಯೂರೋಎಂಡೋಕ್ರೈನ್ ಗಡ್ಡೆಗಳನ್ನೂ (ಹಾರ್ಮೋನ್ ತಯಾರಿಸುವ ಕೋಶಗಳಿಂದ ಹುಟ್ಟುವಂಥವು) ಕೆಲವರು ಹೀಗೇ ತೆಗೆಯುತ್ತಾರೆ.

ನನ್ನದು ದೊಡ್ಡ ಕರುಳಲ್ಲ, ಡುಯೋಡಿನಮ್‌ನಲ್ಲಿದೆ. ಅಲ್ಲೂ ಮಾಡ್ತಾರಾ?

ಮಾಡುತ್ತಾರೆ. ಹೇಳಬೇಕೆಂದರೆ ಅಲ್ಲಿ ಇದರ ಉಪಯೋಗ ಇನ್ನೂ ಜಾಸ್ತಿ. ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಈ ಭಾಗ ಎಂಡೋಸ್ಕೋಪಿ ಮಾಡುವವರಿಗೆ ತಲೆನೋವು. ಗೋಡೆ ತೆಳು. ರಕ್ತನಾಳಗಳು ದಟ್ಟ. ಒಳಪದರದ ಕೆಳಗೆ ಗ್ರಂಥಿಗಳು ಗಿಜಿಗುಟ್ಟಿರುವುದರಿಂದ ಸಲೈನ್ ಹಾಕಿದರೂ ಸರಿಯಾಗಿ ಉಬ್ಬುವುದಿಲ್ಲ. ಮೇಲಿಂದ ಪಿತ್ತರಸ, ಮೇದೋಜೀರಕ ರಸ ಹರಿದು ಕತ್ತರಿಸಿದ ಗಾಯವನ್ನು ಕೆರಳಿಸುತ್ತಲೇ ಇರುತ್ತವೆ. ಅದಕ್ಕೇ ಇಲ್ಲಿ ತಡವಾಗಿ ರಕ್ತ ಬರುವುದು, ತೂತಾಗುವುದು ದೊಡ್ಡ ಕರುಳಿಗಿಂತ ಹೆಚ್ಚು. ಕತ್ತರಿಸಿದ ಗಾಯ ಚಿಕ್ಕದಿದ್ದಷ್ಟೂ ಒಳ್ಳೆಯದು. ನೀರಿನ ವಿಧಾನದಲ್ಲಿ ಗಾಯ ಚಿಕ್ಕದಾಗೇ ಉಳಿಯುತ್ತದೆ, ಚಿಕ್ಕ ಲೋಹದ ಕ್ಲಿಪ್ ಹಾಕಿ ಮುಚ್ಚುವುದೂ ಸುಲಭ.

ಆದರೆ ಇಲ್ಲಿ ನೀರು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಹಾಗಾಗಿ ನೀರು ಅಳೆದು ಹಾಕುತ್ತಾರೆ, ಆಗಾಗ ಹೀರುತ್ತಾರೆ. ಕೆಲವೊಮ್ಮೆ ಪೂರ್ತಿ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದೂ ಉಂಟು.

ಜಠರ, ಅನ್ನನಾಳದಲ್ಲಿ?

ಕಡಿಮೆ. ಅನ್ನನಾಳದಲ್ಲಿ ನೀರು ನಿಲ್ಲುವುದಿಲ್ಲ, ಜಠರ ತೀರಾ ವಿಶಾಲ.

ಯಾವಾಗ ಇದು ಬೇಡ?

ಪಾಲಿಪ್‌ನಲ್ಲಿ ಆಗಲೇ ಕ್ಯಾನ್ಸರ್ ಶುರುವಾಗಿ, ಕೆಳಗಿನ ಪದರಕ್ಕೆ ಸ್ವಲ್ಪ ಇಳಿದಿರಬಹುದು ಎಂಬ ಅನುಮಾನ ಇದ್ದರೆ. ಆಗ ತುಂಡು ಮಾಡುವ ಹಾಗೇ ಇಲ್ಲ. ಎಷ್ಟು ಆಳಕ್ಕೆ ಇಳಿದಿದೆ ಎಂದು, ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪ್ಯಾಥಾಲಜಿಯವರು ಅಳೆಯಬೇಕು. ಚೂರುಗಳಲ್ಲಿ ಅದು ಆಗದ ಮಾತು. ಅಂಥದ್ದಕ್ಕೆ ಇಎಸ್‌ಡಿ ಎಂಬ ವಿಧಾನ ಇದೆ. ಸಣ್ಣ ಎಲೆಕ್ಟ್ರಿಕ್ ಚಾಕುವಿನಿಂದ ಸುತ್ತಲೂ ಗೆರೆ ಕೊಯ್ದು, ಕೆಳಗಿನಿಂದ ಸುಲಿಯುತ್ತ ಇಡೀ ಗಡ್ಡೆಯನ್ನು ಒಂದೇ ತುಂಡಾಗಿ ತೆಗೆಯುವುದು. ಸಮಯ ಹಿಡಿಯುತ್ತದೆ, ಕೈ ಪಳಗಿರಬೇಕು. ಇನ್ನೂ ಆಳಕ್ಕೆ ಇಳಿದಿದ್ದರೆ ಆಪರೇಷನ್ನೇ ಸರಿ.

ನೀರಿನ ಉಪಾಯ ಇಎಸ್‌ಡಿಗೂ ಬಂದಿದೆ. ಅಲ್ಲಿ ಸಲೈನ್ ತುಂಬಿಸಿ ಅದರೊಳಗೇ ಸುಲಿಯುತ್ತಾರೆ. ಕೊಯ್ದ ಅಂಚು ತೇಲಿ ಮೇಲೆದ್ದು, ಚಾಕು ಹೋಗಬೇಕಾದ ಪದರ ಪುಸ್ತಕದ ಹಾಳೆ ತೆರೆದಂತೆ ತೆರೆದುಕೊಳ್ಳುತ್ತದೆ. ಹೊಗೆ ಇಲ್ಲ, ಲೆನ್ಸಿಗೆ ಕೊಬ್ಬು ಸಿಡಿದು ಮಸುಕಾಗುವುದೂ ಕಡಿಮೆ.

ನೀರಿನ ಬದಲು ಜೆಲ್ ಹಾಕ್ತಾರಂತೆ, ಹೌದಾ?

ಹೌದು. ನೀರಿಗೆ ರಕ್ತವೋ ಮಲವೋ ಬಿದ್ದರೆ ತಕ್ಷಣ ಕದಡುತ್ತದೆ. ಪಾರದರ್ಶಕ ಜೆಲ್ ಅಷ್ಟು ಬೇಗ ಬೆರೆಯುವುದಿಲ್ಲ, ಹರಿದುಹೋಗುವುದೂ ಇಲ್ಲ. ಜಪಾನಿನ ಟೊಮೊನೊರಿ ಯಾನೊ ಮತ್ತು ತಂಡದವರು 2016ರಲ್ಲಿ ರಕ್ತಸ್ರಾವ ಆಗುತ್ತಿರುವವರಲ್ಲಿ ಸ್ಪಷ್ಟವಾಗಿ ನೋಡುವುದಕ್ಕೆಂದು ಇದನ್ನು ವರದಿ ಮಾಡಿದರು. ಆಮೇಲೆ ಪಾಲಿಪ್ ತೆಗೆಯಲೂ ಬಳಸತೊಡಗಿದರು. ನೀರು ನಿಲ್ಲದ ಡುಯೋಡಿನಮ್‌ನಂಥ ಕಡೆ ಇದು ಅನುಕೂಲ.

ಅಪಾಯ ಏನೇನು?

ಮುಖ್ಯವಾದದ್ದು ರಕ್ತಸ್ರಾವ. ಕತ್ತರಿಸುವಾಗಲೇ ಬಂದರೆ ಅಲ್ಲೇ ನಿಲ್ಲಿಸುತ್ತಾರೆ. ತಡವಾಗಿ ಬರುವುದೇ ತರಲೆ. ಮನೆಗೆ ಹೋದ ಮೇಲೆ, ಕೆಲವೊಮ್ಮೆ ಎರಡು ವಾರದೊಳಗೆ ಯಾವಾಗ ಬೇಕಾದರೂ ಬರಬಹುದು. ಕರುಳು ತೂತಾಗುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ನೀರಿನಲ್ಲಿ ಸ್ನಾಯು ದೂರ ಇರುತ್ತದೆ ಎಂದು ದೊಡ್ಡ ಹಿಡಿತ ಹಿಡಿದರೆ ಅಲ್ಲೂ ಎಡವಟ್ಟಾಗುತ್ತದೆ. ಅಲ್ಲೇ ಗೊತ್ತಾದರೆ ಎಷ್ಟೋ ಸಲ ಕ್ಲಿಪ್ ಹಾಕಿ ಮುಚ್ಚಬಹುದು.

ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದೀನಿ. ನಿಲ್ಲಿಸಲಾ?

ನೀವಾಗಿಯೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಆಸ್ಪಿರಿನ್ ಮುಂದುವರಿಸಲು ಹೇಳುತ್ತಾರೆ. ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ್ದನ್ನು ಕೆಲವು ದಿನ ಮೊದಲೇ ನಿಲ್ಲಿಸುವುದಿದೆ. ಆದರೆ ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿದ್ದರೆ ಲೆಕ್ಕವೇ ಬೇರೆ. ಹೃದಯದ ಡಾಕ್ಟರನ್ನೂ ಕೇಳಿಯೇ ತೀರ್ಮಾನ ಆಗಬೇಕು.

ಹೊಟ್ಟೆ ತೊಳೆಯುವ ಔಷಧಿ ಪೂರ್ತಿ ಕುಡಿಯಲೇಬೇಕಾ? ಬಾಯಿಗಿಡೋಕೆ ಆಗಲ್ಲ.

ಕುಡಿಯಲೇಬೇಕು. ನೀರಿನ ವಿಧಾನಕ್ಕಂತೂ ಇನ್ನೂ ಜಾಸ್ತಿ ಬೇಕು. ಗಾಳಿಯಲ್ಲಾದರೆ ಮೂಲೆಯಲ್ಲಿ ಸ್ವಲ್ಪ ಮಲ ಇದ್ದರೂ ಹೇಗೋ ನಡೆಯುತ್ತದೆ. ನೀರು ಬಿಟ್ಟರೆ ಅದೆಲ್ಲ ಎದ್ದು ಕದಡಿ, ಮಳೆಗಾಲದ ಹೊಳೆ ಆಗುತ್ತದೆ. ಕೊನೆಕೊನೆಗೆ ಹೊರಗೆ ಹೋಗುವುದು ತಿಳಿ ಹಳದಿ ನೀರಿನಂತಿದ್ದರೆ ಸರಿಯಾಗಿದೆ ಎಂದರ್ಥ. ಅರ್ಧ ಹಿಂದಿನ ದಿನ ಸಂಜೆ, ಅರ್ಧ ಅದೇ ದಿನ ಬೆಳಿಗ್ಗೆ ಕುಡಿದರೆ ಚೆನ್ನಾಗಿ ಶುಚಿಯಾಗುತ್ತದೆ. ತಣ್ಣಗೆ ಮಾಡಿಕೊಂಡು ಸ್ಟ್ರಾ ಹಾಕಿ ಕುಡಿದರೆ ರುಚಿ ಅಷ್ಟು ತಾಗುವುದಿಲ್ಲ.

ನೋವಾಗುತ್ತಾ? ಆಮೇಲೆ ಹೇಗಿರಬೇಕು?

ಮಂಪರು ಔಷಧಿ ಕೊಟ್ಟಿರುತ್ತಾರೆ. ಲೋಳೆಪದರಕ್ಕೆ ಕತ್ತರಿಸಿದ ನೋವು ತಿಳಿಯುವುದೂ ಇಲ್ಲ. ಬಹಳ ಜನ ಅದೇ ದಿನ ಮನೆಗೆ ಹೋಗುತ್ತಾರೆ. ಆ ದಿನ ಗಾಡಿ ಓಡಿಸಬೇಡಿ. ಕೆಲವು ದಿನ ಭಾರ ಎತ್ತಬೇಡಿ, ದೂರದ ಪ್ರಯಾಣ ಬೇಡ. ಒಮ್ಮೆ ಎರಡು ಚುಕ್ಕೆ ರಕ್ತ ಕಂಡರೆ ಗಾಬರಿ ಬೇಡ. ಬಟ್ಟಲುಗಟ್ಟಲೆ ರಕ್ತ, ಗೆಡ್ಡೆಗೆಡ್ಡೆಯಾಗಿ ರಕ್ತ, ಟಾರಿನಂಥ ಕಪ್ಪು ಮಲ, ತಲೆ ಸುತ್ತು, ಜೋರು ಹೊಟ್ಟೆನೋವು, ಜ್ವರ, ಇದರಲ್ಲಿ ಯಾವುದೇ ಆದರೂ ಬೆಳಗಾಗಲಿ ಎಂದು ಕಾಯದೆ ಹೊರಡಿ.

ಕ್ಲಿಪ್ ಹಾಕಿದ್ದರೆ ಅದು ತಾನಾಗೇ ಉದುರಿ ಹೋಗುತ್ತದೆ. ಅಷ್ಟರೊಳಗೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಕ್ಲಿಪ್ ಇದೆ ಎಂದು ಹೇಳಲು ಮರೆಯಬೇಡಿ.

ರಿಪೋರ್ಟಿನಲ್ಲಿ "ಅಂಚು ಹೇಳಲಾಗದು" ಅಂತ ಬಂದಿದೆ. ಪೂರ್ತಿ ಬಂದಿಲ್ವಾ?

ಹಾಗೇನಲ್ಲ. ತುಂಡು ತುಂಡಾಗಿ ತೆಗೆದಾಗ ಯಾವುದು ಹೊರ ಅಂಚು, ಯಾವುದು ತುಂಡುಗಳ ನಡುವಿನ ಅಂಚು ಎಂದು ಪ್ಯಾಥಾಲಜಿಯವರಿಗೆ ತಿಳಿಯುವುದಿಲ್ಲ. ಕರೆಂಟಿನಿಂದ ಅಂಚು ಸುಟ್ಟಿದ್ದರೂ ಹಾಗೇ ಬರೆಯುತ್ತಾರೆ. ಪೂರ್ತಿ ಬಂದಿದೆಯೋ ಇಲ್ಲವೋ ಎನ್ನುವುದಕ್ಕೆ ಮುಂದಿನ ಕೊಲೊನೋಸ್ಕೋಪಿಯೇ ಉತ್ತರ.

ಮತ್ತೆ ಬರುತ್ತಾ?

ಒಂದೇ ತುಂಡಾಗಿ, ಅಂಚು ಶುದ್ಧವಾಗಿ ಬಂದಿದ್ದರೆ ಅದೇ ಜಾಗದಲ್ಲಿ ಬರುವುದು ಬಹಳ ಅಪರೂಪ. ದೊಡ್ಡದನ್ನು ಚೂರು ಚೂರಾಗಿ ತೆಗೆದಿದ್ದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಎಳೆ ಉಳಿದು ಮತ್ತೆ ಬೆಳೆಯಬಹುದು. ಅದಕ್ಕೆ ಈಗ ಒಂದು ಸುಲಭದ ಉಪಾಯ ಸಿಕ್ಕಿದೆ. ತೆಗೆದಾದ ಮೇಲೆ ಕುಣಿಕೆಯ ತುದಿಯಿಂದ ಗಾಯದ ಅಂಚಿನ ಸುತ್ತ ಮೃದುವಾಗಿ ಸುಡುವುದು. ಇಂಜೆಕ್ಷನ್ ವಿಧಾನದಲ್ಲಿ ತೆಗೆದ ದೊಡ್ಡ ಪಾಲಿಪ್‌ಗಳ ಮೇಲೆ ನಡೆದು 2019ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಹೀಗೆ ಸುಟ್ಟವರಲ್ಲಿ ಮರುಕಳಿಸಿದ್ದು 5.2%, ಸುಡದವರಲ್ಲಿ 21%.

ದೊಡ್ಡದನ್ನು ಚೂರಾಗಿ ತೆಗೆದವರು ಸುಮಾರು ಆರು ತಿಂಗಳಾದ ಮೇಲೆ ಒಮ್ಮೆ ಬಂದು ತೋರಿಸಿಕೊಳ್ಳಬೇಕು. ಏನೂ ತೊಂದರೆ ಇಲ್ಲವಲ್ಲ ಎಂದು ಈ ಭೇಟಿಯನ್ನು ತಪ್ಪಿಸಿಕೊಳ್ಳುವವರು ಬಹಳ. ಬಂದವರ ತೆರೆಯಲ್ಲಿ ಹೆಚ್ಚಾಗಿ ಕಾಣುವುದು ಬಿಳಿಚಿಕೊಂಡ ಒಂದು ಕಲೆ, ಅದರ ಕಡೆಗೆ ಸುತ್ತಲಿಂದ ಎಳೆದುಕೊಂಡ ಮೂರು ನಾಲ್ಕು ಮಡಿಕೆ. ಅಂಚಿನಲ್ಲೆಲ್ಲೋ ಅಕ್ಕಿಕಾಳಿನಷ್ಟು ಉಳಿದಿದ್ದರೆ ಮತ್ತೆ ಗಾಳಿ ಹೀರಿ, ನೀರು ಬಿಟ್ಟು, ಅಲ್ಲೇ ತೆಗೆಯುತ್ತಾರೆ.